ಡಿಸ್ಕೌಂಟ್ ಕೇಳುವ ಮೊದಲು ಬಿಲ್ ಓದಿ

ಪ್ರಶ್ನೆ: ನಮ್ಮದು ಗೋಣಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಅವ್ವನಿಗೆ ಬಿಪಿ, ಶುಗರ್ ಎರಡೂ ಇದೆ. ಪ್ರತಿ ತಿಂಗಳು ಊರಿನ ಮೆಡಿಕಲ್‌ನಲ್ಲಿ 2,800 ರೂಪಾಯಿ ಬಿಲ್ ಆಗುತ್ತದೆ. ಒಂದು ಪೈಸೆ ಡಿಸ್ಕೌಂಟ್ ಇಲ್ಲ. ಮೈಸೂರಿನಲ್ಲಿರುವ ತಂಗಿ ಅದೇ ಮಾತ್ರೆಗಳನ್ನು ಶೇಕಡಾ 20 ಕಡಿಮೆಗೆ ತರುತ್ತಾಳೆ. ಜನೌಷಧಿಯಲ್ಲಿ ಇನ್ನೂ ಕಡಿಮೆ ಅಂತಾರೆ, ಆದರೆ ಆ ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಾ ಅನ್ನೋ ಭಯ. ನಮ್ಮೂರಿನ ಮೆಡಿಕಲ್‌ನವರು ನಮ್ಮನ್ನು ಸುಲಿಯುತ್ತಿದ್ದಾರಾ? ಬಿಲ್‌ನ ಫೋಟೋ ಕಳಿಸಿದ್ದೇನೆ.

ಉತ್ತರ: ಇಲ್ಲ, ಸುಲಿಯುತ್ತಿಲ್ಲ. ಆದರೆ ನಿಮ್ಮ ದುಡ್ಡು ಪೋಲಾಗುತ್ತಿರುವುದು ನಿಜ. ಅದು ಎಲ್ಲಿ ಅಂತ ನಿಮ್ಮ ಬಿಲ್ಲೇ ಹೇಳುತ್ತಿದೆ.

ಬಿಲ್‌ನಲ್ಲಿ ನಾಲ್ಕು ಸಾಲು ಇವೆ. ಟೆಲ್ಮಿಸಾರ್ಟನ್ ಮತ್ತು ಆಮ್ಲೋಡಿಪಿನ್ ಸೇರಿದ ಬಿಪಿ ಮಾತ್ರೆ, 30ಕ್ಕೆ 390 ರೂಪಾಯಿ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಶುಗರ್ ಮಾತ್ರೆ, 60ಕ್ಕೆ 420. ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್, 30ಕ್ಕೆ 190. ಕೊನೆಯದು ಶುಗರ್ ಇರುವವರಿಗೆ ಕೊಡುವ ಇನ್ನೊಂದು ಮಾತ್ರೆ, ಎಂಪಾಗ್ಲಿಫ್ಲೋಜಿನ್, 30ಕ್ಕೆ 1,800. ಅಂದರೆ ಮಾತ್ರೆಗೆ 60 ರೂಪಾಯಿ. ಬಿಲ್‌ನ ಮೂರರಲ್ಲಿ ಎರಡು ಪಾಲು ಹತ್ತಿರ ಈ ಒಂದೇ ಮಾತ್ರೆ ನುಂಗುತ್ತಿದೆ.

ಈ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ನಮ್ಮ ದೇಶದಲ್ಲಿ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅಲ್ಲಿಯವರೆಗೆ ಅದು ಒಂದೇ ಕಂಪನಿಯ ಸೊತ್ತಾಗಿತ್ತು. ಮುಗಿದ ಕೂಡಲೇ ನಮ್ಮ ಕಂಪನಿಗಳು ಸಾಲು ಸಾಲಾಗಿ ಇದೇ ಔಷಧಿಯನ್ನು ಮಾರುಕಟ್ಟೆಗೆ ಬಿಟ್ಟವು. ಈಗ ಮಾತ್ರೆಗೆ 10 ರೂಪಾಯಿಗಿಂತ ಕಡಿಮೆಗೂ ಸಿಗುತ್ತದೆ. ಅವ್ವ ಮಾತ್ರ ಇನ್ನೂ ಮೊದಲಿನ ಬ್ರ್ಯಾಂಡ್ ನುಂಗುತ್ತಿದ್ದಾರೆ. ಯಾಕೆ? ಡಾಕ್ಟರು ಬರೆದಾಗ ಅಗ್ಗದ ಬ್ರ್ಯಾಂಡ್ ಇರಲಿಲ್ಲ. ಆಮೇಲೆ ಪ್ರತಿ ತಿಂಗಳು ಅದೇ ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತರುತ್ತಿದ್ದೀರಿ. ಇದು ನಿಮ್ಮ ಮನೆಯ ಕಥೆ ಮಾತ್ರ ಅಲ್ಲ. ಸಿಟಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್, ಲಿನಾಗ್ಲಿಪ್ಟಿನ್ ಅನ್ನುವ ಶುಗರ್ ಮಾತ್ರೆಗಳೆಲ್ಲದರ ಪೇಟೆಂಟ್ ಈಚಿನ ವರ್ಷಗಳಲ್ಲಿ ಮುಗಿದಿದೆ. ಬೆಲೆ ಬಿದ್ದಿದೆ. ಚೀಟಿ ಮಾತ್ರ ಹಾಗೇ ಇದೆ.

ಲೆಕ್ಕ ನೋಡಿ. ಮೈಸೂರಿನ ಡಿಸ್ಕೌಂಟ್‌ನಿಂದ ನಿಮಗೆ ತಿಂಗಳಿಗೆ ಉಳಿಯುವುದು 560 ರೂಪಾಯಿ. ಈ ಒಂದು ಮಾತ್ರೆಯನ್ನು ಡಾಕ್ಟರನ್ನು ಕೇಳಿ 10 ರೂಪಾಯಿಯದಕ್ಕೆ ಬದಲಾಯಿಸಿದರೆ ಉಳಿಯುವುದು 1,500. ಅದೂ ಯಾವ ಡಿಸ್ಕೌಂಟೂ ಇಲ್ಲದೆ, ನಿಮ್ಮೂರಿನ ಅದೇ ಅಂಗಡಿಯಲ್ಲಿ. ಮೈಸೂರು ಅಂದರೆ ಗೋಣಿಕೊಪ್ಪದಿಂದ 90 ಕಿಲೋಮೀಟರ್ ಆಸುಪಾಸು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಿದ್ದರೂ ಒಂದು ದಿನ ಪೂರ್ತಿ ಹೋಗುತ್ತದೆ, ಅಲ್ವಾ?

ಈಗ ನಿಮ್ಮ ಮೆಡಿಕಲ್‌ನವರು ಡಿಸ್ಕೌಂಟ್ ಯಾಕೆ ಕೊಡುವುದಿಲ್ಲ ಅನ್ನೋ ಪ್ರಶ್ನೆಗೆ ಬರೋಣ. ನಾನು ಕೌಂಟರ್ ಹಿಂದೆ ನಿಂತು ದುಡಿದವನು. ಹಾಗಾಗಿ ಅವರ ಪರ ಸ್ವಲ್ಪ ವಾಲಿದರೆ ಬೇಸರ ಮಾಡಿಕೊಳ್ಳಬೇಡಿ. ಆದರೆ ಲೆಕ್ಕ ಯಾರ ಪರವೂ ವಾಲುವುದಿಲ್ಲ.

ಔಷಧಿಗಳಲ್ಲಿ ಎರಡು ಜಾತಿ. ಒಂದು, ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇರುವವು. 2022ರ ಪಟ್ಟಿಯಲ್ಲಿ 384 ಔಷಧಿಗಳಿವೆ. ಇವುಗಳ ಗರಿಷ್ಠ ಬೆಲೆಯನ್ನು 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ನಿಗದಿ ಮಾಡುತ್ತದೆ. ಮಾಡುವ ರೀತಿ ಹೀಗೆ: ಮಾರುಕಟ್ಟೆಯಲ್ಲಿ ಶೇಕಡಾ 1 ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವ ಎಲ್ಲ ಬ್ರ್ಯಾಂಡ್‌ಗಳು ಅಂಗಡಿಗೆ ಕೊಡುವ ಬೆಲೆಯ ಸರಾಸರಿ ತೆಗೆಯುತ್ತಾರೆ. ಅದರ ಮೇಲೆ ಅಂಗಡಿಯವರ ಪಾಲು ಅಂತ ಶೇಕಡಾ 16 ಸೇರಿಸುತ್ತಾರೆ. ಜಿಎಸ್‌ಟಿ ಬೇರೆ. ಮಾತ್ರೆ ಮಾಡಲು ನಿಜವಾಗಿ ಎಷ್ಟು ಖರ್ಚಾಯಿತು ಅನ್ನುವುದನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಸಗಟು ಬೆಲೆ ಸೂಚ್ಯಂಕ ಏರಿದ ಹಾಗೆ ಪ್ರತಿ ಏಪ್ರಿಲ್‌ನಲ್ಲಿ ಈ ಮಿತಿಯೂ ಏರುತ್ತದೆ. 2023ರಲ್ಲಿ ಒಂದೇ ಏಟಿಗೆ ಶೇಕಡಾ 12ರಷ್ಟು ಏರಿಸಲು ಬಿಟ್ಟಿದ್ದರು.

ಎರಡನೇ ಜಾತಿ, ಪಟ್ಟಿಯಲ್ಲಿ ಇಲ್ಲದವು. ಇವುಗಳಲ್ಲಿ ಬಹುಪಾಲಿಗೆ ಮೊದಲ ಬೆಲೆಯನ್ನು ಕಂಪನಿಯೇ ಇಡುತ್ತದೆ. ಆಮೇಲೆ 12 ತಿಂಗಳಲ್ಲಿ ಶೇಕಡಾ 10ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ ಅಷ್ಟೇ. ಇಲ್ಲೊಂದು ತಮಾಷೆ ಇದೆ. ಟೆಲ್ಮಿಸಾರ್ಟನ್ ಪಟ್ಟಿಯಲ್ಲಿದೆ, ಆಮ್ಲೋಡಿಪಿನ್ ಕೂಡ ಪಟ್ಟಿಯಲ್ಲಿದೆ. ಅವೆರಡನ್ನು ಸೇರಿಸಿ ಮಾಡಿದ ಮಾತ್ರೆ ಪಟ್ಟಿಯಲ್ಲಿಲ್ಲ. ಅವ್ವನ ಶುಗರ್ ಮಾತ್ರೆಯ ಕಥೆಯೂ ಇದೇ. ದಿನಕ್ಕೆ ಒಂದು ಮಾತ್ರೆ ಕಡಿಮೆ ನುಂಗುವ ಅನುಕೂಲ ಇದೆ, ಒಪ್ಪುತ್ತೇನೆ. ಆದರೆ ಬಿಡಿಬಿಡಿಯಾಗಿ ಬರೆಸಿಕೊಂಡರೆ ಎಷ್ಟಾಗುತ್ತದೆ ಅಂತ ಒಮ್ಮೆ ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಪಟ್ಟಿಯಲ್ಲಿ ಇಲ್ಲದ ಬ್ರ್ಯಾಂಡ್ ಔಷಧಿಗಳಲ್ಲಿ ಅಂಗಡಿಯವರಿಗೆ ಶೇಕಡಾ 20, ಅಂಗಡಿಗೆ ಮಾಲು ಕೊಡುವ ಸಗಟು ವ್ಯಾಪಾರಿಗೆ, ಅಂದರೆ ಸ್ಟಾಕಿಸ್ಟ್‌ಗೆ, ಶೇಕಡಾ 10 ಬಿಡುವುದು ವ್ಯಾಪಾರದ ರೂಢಿ. ಎಂಆರ್‌ಪಿ 105 ಇದೆ ಅಂದುಕೊಳ್ಳಿ. ಅದರಲ್ಲಿ 5 ರೂಪಾಯಿ ಜಿಎಸ್‌ಟಿ. ಉಳಿದ 100ರಲ್ಲಿ 80 ಸ್ಟಾಕಿಸ್ಟ್‌ಗೆ ಹೋಗುತ್ತದೆ, 20 ಅಂಗಡಿಗೆ. ಈಗ ನೀವು ಶೇಕಡಾ 10 ಡಿಸ್ಕೌಂಟ್ ಕೇಳಿದಿರಿ. ನಿಮಗೆ ಅದು ಬರೀ 10. ಅವರಿಗೆ ಲಾಭದ ಅರ್ಧ. ಶೇಕಡಾ 20 ಕೇಳಿದರೆ 84 ರೂಪಾಯಿಗೆ ಮಾರಬೇಕು. ಅದರಲ್ಲಿ 4 ರೂಪಾಯಿ ತೆರಿಗೆ, 80 ಅಸಲು. ಕೈಗೆ ಬಂದದ್ದು ಸೊನ್ನೆ.

ಹಾಗಾದರೆ ಮೈಸೂರಿನವರು ಹೇಗೆ ಕೊಡುತ್ತಾರೆ? ಅವರ ವ್ಯಾಪಾರದ ಗಾತ್ರ ದೊಡ್ಡದು. ದೊಡ್ಡ ಸರಪಳಿ ಅಂಗಡಿಗಳಿಗೆ ಅಂಗಡಿಯ ಪಾಲಿನ ಜೊತೆ ಸ್ಟಾಕಿಸ್ಟ್‌ನ ಪಾಲಿನಲ್ಲೂ ಭಾಗ ಸಿಗುತ್ತದೆ. ಹತ್ತು ಬಾಕ್ಸ್‌ಗೆ ಒಂದು ಫ್ರೀ ಅನ್ನುವಂಥ ಸ್ಕೀಮ್‌ಗಳು ಸಿಗುತ್ತವೆ. ನಗದು ಕೊಟ್ಟರೆ ಇನ್ನಷ್ಟು ಕಡಿತ. ಆನ್‌ಲೈನ್ ಕಂಪನಿಗಳು ಗಿರಾಕಿಗಳನ್ನು ಹಿಡಿಯಲು ಹೂಡಿಕೆದಾರರ ದುಡ್ಡು ಸುರಿದದ್ದೂ ಉಂಟು. ಮತ್ತೆ ಬಾಗಿಲಲ್ಲಿ ಔಷಧಿಗೆ ಡಿಸ್ಕೌಂಟ್ ಇಟ್ಟು ಒಳಗೆ ಪ್ರೋಟೀನ್ ಪುಡಿ, ಶಾಂಪೂ, ತಮ್ಮದೇ ಲೇಬಲ್ಲಿನ ವಿಟಮಿನ್ ಮಾರಿ ಸರಿದೂಗಿಸುತ್ತಾರೆ. ಕೊಡಗಿನ ಸಣ್ಣ ಅಂಗಡಿಗೆ ಇದ್ಯಾವುದೂ ಎಟುಕುವುದಿಲ್ಲ.

ಇಲ್ಲಿನ ಖರ್ಚುಗಳೇ ಬೇರೆ. ನಾಪೋಕ್ಲು, ಸಿದ್ದಾಪುರ, ಶ್ರೀಮಂಗಲದಂಥ ಊರಿನ ಒಂದು ಅಂಗಡಿ ಕಲ್ಪಿಸಿಕೊಳ್ಳಿ. ದಿನಕ್ಕೆ 8,000 ರೂಪಾಯಿ ವ್ಯಾಪಾರ, ತಿಂಗಳಿಗೆ 2,40,000. ಎಲ್ಲ ಸೇರಿ ಶೇಕಡಾ 18 ಉಳಿಯಿತು ಅನ್ನಿ, 43,000 ಚಿಲ್ಲರೆ. ಬಾಡಿಗೆ 8,000. ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಅಂಗಡಿ ತೆರೆಯುವ ಹಾಗಿಲ್ಲ. ಮಾಲೀಕರೇ ಡಿ ಫಾರ್ಮ ಮಾಡಿದ್ದರೆ ಸರಿ, ಇಲ್ಲದಿದ್ದರೆ ಸಂಬಳ 15,000. ಒಬ್ಬ ಹುಡುಗ, 9,000. ಕರೆಂಟು, ಇನ್ವರ್ಟರ್, ಬಿಲ್ಲಿಂಗ್ ಸಾಫ್ಟ್‌ವೇರ್, ಅಕೌಂಟೆಂಟ್ ಸೇರಿ 4,000. ಎಕ್ಸ್‌ಪೈರಿಯಾದದ್ದು, ಒಡೆದದ್ದು 2,400. ಉಳಿದದ್ದು ಐದು ಸಾವಿರದ ಒಳಗೆ. ಕಪಾಟಿನಲ್ಲಿ ಕೂತಿರುವ 6 ಲಕ್ಷದ ಸ್ಟಾಕಿಗೆ ವರ್ಷಕ್ಕೆ ಶೇಕಡಾ 10 ಬಡ್ಡಿ ಹಾಕಿದರೆ ತಿಂಗಳಿಗೆ 5,000. ಅಲ್ಲಿಗೆ ಮುಗಿಯಿತು. ಈ ಅಂಕಿಗಳು ನಾನು ಉದಾಹರಣೆಗೆ ಹಾಕಿದ್ದು. ಊರಿಂದ ಊರಿಗೆ ಬದಲಾಗುತ್ತವೆ. ಆದರೆ ಮಾಲೀಕರೇ ಫಾರ್ಮಸಿಸ್ಟ್ ಆಗಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತರೆ ಮಾತ್ರ ಸಣ್ಣ ಮೆಡಿಕಲ್ ನಡೆಯುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಮಳೆಗಾಲ ಬಂದರೆ ಇದರ ಮೇಲೆ ಇನ್ನೊಂದು ಹೊರೆ. ನಮ್ಮ ಜಿಲ್ಲೆಗೆ ರೈಲಿಲ್ಲ. ಮಾಲು ಬರುವುದು ರಸ್ತೆಯಲ್ಲಿ, ಹೆಚ್ಚಿನದು ಮೈಸೂರು ಕಡೆಯಿಂದ. ಮರ ಬಿತ್ತು, ಗುಡ್ಡ ಜರಿಯಿತು ಅಂದರೆ ವ್ಯಾನ್ ಬರುವುದಿಲ್ಲ. ಹಾಗಾಗಿ ಮೇ ಕೊನೆಯಲ್ಲೇ ಜ್ವರ, ಕೆಮ್ಮು, ಆಸ್ತಮಾ, ಬಿಪಿ, ಶುಗರ್ ಔಷಧಿಗಳನ್ನು ಜಾಸ್ತಿ ತುಂಬಿಸಿಕೊಳ್ಳಬೇಕು. ದುಡ್ಡು ಅಲ್ಲಿ ಸಿಕ್ಕಿಬೀಳುತ್ತದೆ. ಕರೆಂಟ್ ಎರಡು ಮೂರು ದಿನ ಹೋಗುವುದು ನಮಗೆ ಹೊಸದಲ್ಲ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಇನ್ವರ್ಟರ್ ಸತ್ತರೆ ಫ್ರಿಜ್‌ನಲ್ಲಿರುವ ಅಷ್ಟೂ ಮಾಲು ಅನುಮಾನಕ್ಕೆ ಬೀಳುತ್ತದೆ. ಕೆಲವರು ಜನರೇಟರ್ ಇಟ್ಟಿದ್ದಾರೆ. ಕೆಲವರು ಮಳೆ ತಿಂಗಳಲ್ಲಿ ಇನ್ಸುಲಿನ್ ತರಿಸುವುದನ್ನೇ ಕಡಿಮೆ ಮಾಡುತ್ತಾರೆ. ಗಿರಾಕಿ ಬೈಯುತ್ತಾರೆ, ಏನು ಮಾಡುವುದು.

ಇನ್ನು ಬಾಕಿ. ಸ್ಟಾಕಿಸ್ಟ್‌ಗೆ ಎರಡು ಮೂರು ವಾರದಲ್ಲಿ ದುಡ್ಡು ಕಟ್ಟಬೇಕು. ತಪ್ಪಿದರೆ ಮುಂದಿನ ಮಾಲು ನಿಲ್ಲುತ್ತದೆ. ಆದರೆ ತೋಟದವರು "ಬರೆದಿಡಿ, ಕಾಫಿ ಮಾರಿದ ಮೇಲೆ ಕೊಡ್ತೇನೆ" ಅಂತಾರೆ. ಲೈನ್ ಮನೆಯಲ್ಲಿರುವ ತೋಟದ ಕೂಲಿಯವರು ಬಟವಾಡೆ ದಿನ ಕೊಡುತ್ತಾರೆ. ಕಾಫಿಗೆ ಒಳ್ಳೆ ರೇಟ್ ಬಂದ ವರ್ಷವೂ ಮೆಡಿಕಲ್ ಬಾಕಿ ಎಲ್ಲಕ್ಕಿಂತ ಕೊನೆಗೆ ತೀರುತ್ತದೆ ಅಂತ ಒಬ್ಬ ಗೆಳೆಯರು ನಗುತ್ತಾ ಹೇಳುತ್ತಿದ್ದರು. ಡಿಸ್ಕೌಂಟ್ ಕೊಡುವ ಮೈಸೂರಿನ ಅಂಗಡಿಯಲ್ಲಿ ಹೋಗಿ ಬರೆದಿಡಿ ಅಂತ ಹೇಳಿ ನೋಡಿ!

ಶೀಟ್ ಕತ್ತರಿಸುವ ವಿಷಯವೂ ಹೇಳಬೇಕು. ಬೇಕಾದಷ್ಟೇ ಮಾತ್ರೆ ಕೊಡಿ ಅಂತ ನೀವು ಕೇಳಬಹುದು. ಕತ್ತರಿಸಿ ಕೊಟ್ಟಾಗ ಪೂರ್ತಿ ಶೀಟಿನ ಬೆಲೆಯ ಅನುಪಾತಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ ಅಂತ ಬೆಲೆ ನಿಯಂತ್ರಣ ಆದೇಶವೇ ಹೇಳುತ್ತದೆ. ಸಂತೆ ದಿನ ಸಂಜೆ ಮೂರು ಮಾತ್ರೆ, ನಾಲ್ಕು ಮಾತ್ರೆ ಅಂತ ಕೇಳುವವರೇ ಜಾಸ್ತಿ. ಒಳ್ಳೆಯ ಫಾರ್ಮಸಿಸ್ಟ್ ಕತ್ತರಿ ಹಿಡಿದಾಗ ಶೀಟನ್ನು ತಿರುಗಿಸಿ ನೋಡುತ್ತಾರೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ಅಚ್ಚಾಗಿರುವ ತುದಿಯನ್ನು ಉಳಿಸಿಕೊಂಡು ಇನ್ನೊಂದು ತುದಿಯಿಂದ ಕತ್ತರಿಸುತ್ತಾರೆ. ಉಳಿದ ತುಂಡು ಮಾರಾಟವಾಗದೆ ಅವಧಿ ಮೀರಿದರೆ ಅದನ್ನು ಕಂಪನಿ ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಶೀಟ್ ಆದರೆ ಸ್ಟಾಕಿಸ್ಟ್ ಮೂಲಕ ಕಳಿಸಿ ಮುಂದಿನ ಮಾಲಿನ ಲೆಕ್ಕದಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ನೋಟ್ ಪಡೆಯಬಹುದು, ಅದೂ ತಿಂಗಳುಗಟ್ಟಲೆ ಕಾದ ಮೇಲೆ. "ಪೂರ್ತಿ ಶೀಟ್ ತಗೊಳ್ಳಿ" ಅಂತ ಅವರು ಗೊಣಗುವುದು ಇದಕ್ಕೇ. ಗೊಣಗಲಿ. ಆದರೆ ಕೊಡುವುದಿಲ್ಲ ಅನ್ನಬಾರದು.

ಇಷ್ಟು ಹೇಳಿದ ಮೇಲೆ ಅಂಗಡಿಯವರಿಗೆ ಒಪ್ಪಿಗೆಯಾಗದ ಮಾತೊಂದನ್ನೂ ಹೇಳುತ್ತೇನೆ. ಪರ್ಸೆಂಟ್ ಲೆಕ್ಕದ ಲಾಭ ಇರುವವರೆಗೆ ದುಬಾರಿ ಮಾತ್ರೆಯೇ ಅವರಿಗೆ ಲಾಭ. ಅವ್ವನ 1,800ರ ಮಾತ್ರೆಯಲ್ಲಿ ಅವರಿಗೆ ಸುಮಾರು 340 ರೂಪಾಯಿ ಸಿಗುತ್ತದೆ. ಅದು 300 ರೂಪಾಯಿಯ ಮಾತ್ರೆಯಾದರೆ 57. ಕೆಲಸ ಅಷ್ಟೇ: ಚೀಟಿ ಓದಬೇಕು, ತೆಗೆಯಬೇಕು, ಹೇಗೆ ತೆಗೆದುಕೊಳ್ಳಬೇಕು ಅಂತ ಹೇಳಬೇಕು. ಹಾಗಿರುವಾಗ "ಅಕ್ಕ, ಇದರ ಪೇಟೆಂಟ್ ಮುಗಿದಿದೆ, ಡಾಕ್ಟರನ್ನು ಕೇಳಿ" ಅಂತ ಅವರಾಗಿ ಬಾಯಿ ಬಿಡುತ್ತಾರಾ? ಬಿಡುವವರೂ ಇದ್ದಾರೆ, ಅವರಿಗೆ ಕೈ ಮುಗಿಯಬೇಕು. ಬ್ರಿಟನ್ನಿನಲ್ಲಿ ಮಾತ್ರೆಯ ಬೆಲೆ ಎಷ್ಟೇ ಇರಲಿ, ಪ್ರತಿ ಔಷಧಿ ಕೊಟ್ಟದ್ದಕ್ಕೆ ಇಂತಿಷ್ಟು ಅಂತ ಸರ್ಕಾರ ಫಾರ್ಮಸಿಗೆ ಶುಲ್ಕ ಕೊಡುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ. ಅಗ್ಗದ ಔಷಧಿ ಮಾರುವವರಿಗೆ ನಮ್ಮ ವ್ಯವಸ್ಥೆ ದಂಡ ಹಾಕುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇದರಿಂದ ತಪ್ಪಿಸಿಕೊಳ್ಳಲು ಅಂಗಡಿಗಳು ಹಿಡಿದಿರುವ ದಾರಿ ಜೆನೆರಿಕ್. ಕೌಂಟರ್‌ನಲ್ಲಿ ಜೆನೆರಿಕ್ ಅಂತ ಕರೆಯುವುದರಲ್ಲಿ ಹೆಚ್ಚಿನದು ಕಂಪನಿಗಳು ಪ್ರಚಾರ ಮಾಡುವ ತಮ್ಮ ರೆಪ್‌ಗಳನ್ನು ಡಾಕ್ಟರ ಹತ್ತಿರ ಕಳಿಸದೆ ನೇರ ಅಂಗಡಿಗೆ ಮಾರುವ ಮಾಲು. ಎಂಆರ್‌ಪಿ 100 ಅಂತ ಅಚ್ಚಾಗಿರುತ್ತದೆ, ಅಂಗಡಿಗೆ ಅದು 25ಕ್ಕೋ 30ಕ್ಕೋ ಬಿದ್ದಿರುತ್ತದೆ. 50 ಪರ್ಸೆಂಟ್ ಆಫ್ ಅಂತ ಬೋರ್ಡ್ ಹಾಕಿದರೂ ಬ್ರ್ಯಾಂಡಿಗಿಂತ ಜಾಸ್ತಿ ಲಾಭ. ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ. ಆದರೆ ಆ 50 ಪರ್ಸೆಂಟ್ ನಿಮಗೆ ಏನನ್ನೂ ಹೇಳುವುದಿಲ್ಲ. ಕಾಫಿ ಚೆರಿ ಮಾರುವಾಗ ಮೂಟೆಯ ರೇಟ್ ಒಂದನ್ನೇ ಕೇಳಿ ತಲೆ ಆಡಿಸಿ ಬರುತ್ತೀರಾ? ಔಟ್‌ಟರ್ನ್, ಅಂದರೆ ಮೂಟೆಗೆ ಎಷ್ಟು ಬೀಜ ಬಿತ್ತು ಅಂತ ನೋಡುತ್ತೀರಿ. ಇಲ್ಲೂ ಹಾಗೇ, ಪರ್ಸೆಂಟ್ ಬಿಟ್ಟು ಒಂದು ಮಾತ್ರೆಗೆ ಎಷ್ಟು ಬಿತ್ತು ಅಂತ ನೋಡಿ.

ಜನೌಷಧಿ ಬಗ್ಗೆ ನಿಮ್ಮ ಭಯ ಬಹಳ ಜನರಿಗಿದೆ. 2008ರಲ್ಲಿ ಶುರುವಾದ ಯೋಜನೆ ಇದು. ಮುಖ್ಯ ಮೂರು ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧಕ್ಕಿಂತ ಜಾಸ್ತಿ ಇಡಬಾರದು ಅನ್ನುವುದು ಅಲ್ಲಿನ ನಿಯಮ. ಹೆಚ್ಚಿನವು ಅದಕ್ಕಿಂತ ಎಷ್ಟೋ ಕೆಳಗಿರುತ್ತವೆ. ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಪರೀಕ್ಷಿಸಿಯೇ ಕೇಂದ್ರಗಳಿಗೆ ಬಿಡಬೇಕು. ನಿಮ್ಮ ಪಟ್ಟಿಯ ಅಟೋರ್ವಾಸ್ಟಾಟಿನ್, ಟೆಲ್ಮಿಸಾರ್ಟನ್, ಆಮ್ಲೋಡಿಪಿನ್, ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಹಳೆಯ ಔಷಧಿಗಳು. ಇವುಗಳಲ್ಲಿ ಹೆಸರಿಗೆ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಬದಲಾಯಿಸಿದ ಮೇಲೆ ಬಿಪಿ, ಶುಗರ್ ಒಂದೆರಡು ಸಲ ಅಳೆದರೆ ಕೆಲಸ ಮಾಡುತ್ತಿದೆಯಾ ಅನ್ನುವುದು ಗೊತ್ತಾಗುತ್ತದೆ. ಎಚ್ಚರ ಬೇಕಾದದ್ದು ಬೇರೆ ಕಡೆ: ಫಿಟ್ಸ್ ಮಾತ್ರೆ, ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್. ಇವುಗಳ ಬ್ರ್ಯಾಂಡನ್ನು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಪ್ರಮಾಣದಲ್ಲಿ ಸ್ವಲ್ಪ ಏರುಪೇರಾದರೂ ತೊಂದರೆ.

ಕೇಂದ್ರ ನಡೆಸುವವರ ಪಾಡೂ ಸುಲಭದ್ದಲ್ಲ. ಅವರಿಗೂ ಶೇಕಡಾ 20 ಪಾಲು ಇದೆ. ಆದರೆ 10 ರೂಪಾಯಿಯ ಶೀಟಿನಲ್ಲಿ ಅದು 2 ರೂಪಾಯಿ. ಸರ್ಕಾರದ ಪ್ರೋತ್ಸಾಹಧನಕ್ಕೆ ಮಿತಿ ಇದೆ. ಜನ ಸಾಲುಗಟ್ಟಿದರೆ ಮಾತ್ರ ನಡೆಯುತ್ತದೆ. ಅದಕ್ಕೇ ಅವು ಪೇಟೆಯಲ್ಲೇ ಜಾಸ್ತಿ, ನಮ್ಮ ಹಳ್ಳಿ ಕಡೆ ಕಡಿಮೆ. ಸ್ಟಾಕ್ ಖಾಲಿಯಾಗುವ ತಲೆನೋವೂ ಇದೆ. ಹೋಗುವ ಮೊದಲು ಫೋನ್ ಮಾಡಿ ವಿಚಾರಿಸಿಕೊಳ್ಳಿ.

ಈಗ ನೀವು ಮಾಡಬೇಕಾದ್ದು. ನೇರ ಮೆಡಿಕಲ್‌ಗೆ ಹೋಗಿ "ಇದರ ಬದಲು ಕಡಿಮೆಯದು ಕೊಡಿ" ಅನ್ನಬೇಡಿ. ಷೆಡ್ಯೂಲ್ ಎಚ್, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳಲ್ಲಿ ಚೀಟಿಯಲ್ಲಿರುವ ಬ್ರ್ಯಾಂಡ್ ಬಿಟ್ಟು ಬೇರೆ ಕೊಡಲು ಕಾನೂನು ಅವರಿಗೆ ಬಿಡುವುದಿಲ್ಲ, ಒಳಗಿನ ಔಷಧಿ ಅದೇ ಆಗಿದ್ದರೂ. ಅವ್ವನ ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ಈ ಬಿಲ್ ತೋರಿಸಿ. ಬ್ರ್ಯಾಂಡ್ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆದುಕೊಡಿ ಅಂತ ಕೇಳಿ. ಹಿಂಜರಿಕೆ ಬೇಡ. ಔಷಧಿಯ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕು ಅಂತ ವೈದ್ಯರ ನಿಯಮಾವಳಿಯಲ್ಲೇ 2016ರಲ್ಲಿ ಸೇರಿಸಿದ್ದಾರೆ. ಡಾಕ್ಟರಿಗೆ ಎಷ್ಟೋ ಸಲ ಮಾತ್ರೆಯ ಬೆಲೆಯೇ ಗೊತ್ತಿರುವುದಿಲ್ಲ. ಅವ್ವನಿಗೆ ಈ ಮಾತ್ರೆ ಈಗಲೂ ಬೇಕಾ ಅಂತಲೂ ಕೇಳಿ. ಹೃದಯ, ಕಿಡ್ನಿ ಕಾರಣಕ್ಕೆ ಕೊಟ್ಟಿರಬಹುದು. ಹಾಗಾಗಿ ದುಬಾರಿ ಅಂತ ನೀವೇ ನಿಲ್ಲಿಸುವ ಕೆಲಸ ಮಾತ್ರ ಮಾಡಬೇಡಿ.

ಹೊಸ ಚೀಟಿ ಬಂದ ಮೇಲೆ ನಿಮ್ಮೂರಿನ ಮೆಡಿಕಲ್‌ಗೇ ಹೋಗಿ ಅಂತ ನನ್ನ ಸಲಹೆ. ಮಾತ್ರೆ ಮುಗಿಯುವ ವಾರ ಮೊದಲೇ ಹೇಳಿ, ಪ್ರತಿ ತಿಂಗಳು ಬೇಕು ಅನ್ನಿ. ಖಾತ್ರಿ ಗಿರಾಕಿ ಇದ್ದರೆ ಅವರು ಧೈರ್ಯವಾಗಿ ತರಿಸುತ್ತಾರೆ, ಎಕ್ಸ್‌ಪೈರಿಯ ಹೆದರಿಕೆ ಇರುವುದಿಲ್ಲ. ಬಾಕಿ ಇಡದೆ ದುಡ್ಡು ಕೊಟ್ಟರೆ ಶೇಕಡಾ 5 ಬಿಡಿ ಅಂತ ಕೇಳುವುದು ನ್ಯಾಯವೇ.

ಬಿಲ್ ಮಾತ್ರ ಪ್ರತಿ ಸಲ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. 112 ಇದ್ದದ್ದು 105 ಆಗಬೇಕು. ಶೀಟಿನ ಮೇಲೆ ಹಳೆಯ ಎಂಆರ್‌ಪಿ ಅಚ್ಚಾಗಿದ್ದರೂ ಹೊಸ ದರದಲ್ಲೇ ಕೊಡಬೇಕು. ಪಟ್ಟಿಯಲ್ಲಿರುವ ಔಷಧಿಗಳ ಗರಿಷ್ಠ ಬೆಲೆಯನ್ನು ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ನೋಡಬಹುದು. ಯಾರಾದರೂ ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಬೆಲೆ ಪ್ರಾಧಿಕಾರಕ್ಕೆ ಅಥವಾ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಿ. ಬ್ಯಾಚ್ ನಂಬರು ಇರುವ ಬಿಲ್ ಕೈಯಲ್ಲಿದ್ದರೆ ದೂರಿಗೆ ಬಲ. ನೀವು ಕಳಿಸಿದ ಬಿಲ್‌ನಲ್ಲಿ ನಾಲ್ಕೂ ಸಾಲಿಗೆ ಬ್ಯಾಚ್ ನಂಬರು, ಎಕ್ಸ್‌ಪೈರಿ ಎಲ್ಲ ಸರಿಯಾಗಿ ಬರೆದಿದ್ದಾರೆ.